ಒಳ್ಳು, ಕೊಳ್ಳಿ ಮತ್ತು ನಮ್ಮ ಮನೆಯವರ ಕಿವಿ

ಸೋಲುವುದು ಸುಲಭ, ಗೆಲ್ಲುವುದೇ ಕಷ್ಟ ಎಂದು ಹೇಳುವವರನ್ನು ಕಂಡರೆ ನನಗೀಗ ನಗು ಬರುತ್ತದೆ. ಅಂಥವರು ಬೇಕೆಂತಲೇ ಸೋಲಬೇಕು ಎಂದು ಹಟ ಹಿಡಿದು ಕೂತವರಲ್ಲ. ನಾನು ಕೂತು ನೋಡಿದ್ದೇನೆ. ಅದೂ ಎಲ್ಲಿ? ಮುಂಡಗೋಡದಲ್ಲಿ, ಮಗಳ ಮನೆಯ ಪಡಸಾಲೆಯಲ್ಲಿ, ಬೀಗತಿಯ ಕಣ್ಣೆದುರಿಗೆ, ವಿಡಿಯೋ ಗೇಮಿನ ರಿಮೋಟು ಕೈಯಲ್ಲಿ ಹಿಡಿದುಕೊಂಡು. ಕೋಗಿಲಬನದ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಅಕ್ಕಾರು ನಾನು. ಸೋಲೇ ಗೆಲುವಿನ ಸೋಪಾನ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದು, ಕೆಳಗೆ ಎರಡು ಹೂವನ್ನೂ ಬಿಡಿಸಿದವಳು. ಆ ಸೋಪಾನ ಹತ್ತುವುದಕ್ಕೂ ಒಂದು ಯೋಗ್ಯತೆ ಬೇಕು ಎಂದು ನನಗೆ ಗೊತ್ತಾದದ್ದು ಅವತ್ತೇ.

ಇಷ್ಟಕ್ಕೆಲ್ಲ ಕಾರಣ ನಮ್ಮ ಮನೆಯವರ ಕಿವಿ. ಇವರು ದಾಂಡೇಲಿಯಲ್ಲಿ ಕಾಗದದ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ದೊಡ್ಡ ಯಂತ್ರದ ಬದಿಗೆ ಪಾಳಿಯ ಮೇಲೆ ನಿಂತು ಆಯುಷ್ಯ ಕಳೆದವರು. ಅಲ್ಲಿ ಕಿವಿಗೆ ಹಾಕಿಕೊಳ್ಳಲೆಂದು ಕೊಡುತ್ತಿದ್ದ ಮೆತ್ತನೆಯ ಬಿರಡೆಗಳನ್ನು ಇವರು ಜೋಪಾನವಾಗಿ ಜೇಬಿನಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದರು. ಮಗಳು ಚಿಕ್ಕವಳಿದ್ದಾಗ ಅವುಗಳಿಂದಲೇ ಗೊಂಬೆಗೆ ಕಾಲು ಮಾಡಿದ್ದಾಳೆ. ಕಿವಿ ಮಂದವಾದದ್ದು ಯಂತ್ರದ ಸದ್ದಿನಿಂದಲೋ, ವಯಸ್ಸಿನಿಂದಲೋ, ನನ್ನ ದನಿಯಿಂದಲೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ. ಸೊಪ್ಪು ತನ್ನಿ ಎಂದರೆ ಸೋಪು ಬರುತ್ತಿತ್ತು. ಮನೆಯಲ್ಲಿ ಒಂದು ವರ್ಷಕ್ಕಾಗುವಷ್ಟು ಸೋಪು ಸೇರಿತು, ಪಲ್ಯ ಮಾತ್ರ ಬಟಾಟೆಯದೇ ಆಯಿತು. ಅದನ್ನೆಲ್ಲ ನಾನು ಸಹಿಸಿಕೊಂಡಿದ್ದೆ. ಗಂಡನಿಗೆ ಕೇಳಿಸದಿದ್ದರೆ ಹೆಂಡತಿಗೆ ನಷ್ಟಕ್ಕಿಂತ ಲಾಭವೇ ಹೆಚ್ಚು ಎಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯುವುದಿಲ್ಲ.

ಆದರೆ ಒಂದು ದಿನ ಸಂತೆಯಲ್ಲಿ ಖಾದರಸಾಬರು ಸಿಕ್ಕರು. ಇವರಿಬ್ಬರೂ ಒಂದೇ ಪಾಳಿಯಲ್ಲಿ, ಒಂದೇ ಯಂತ್ರದ ಎರಡು ತುದಿಗೆ ನಿಂತವರು. ಸದ್ದಿನಲ್ಲಿ ಮಾತು ಕೇಳಿಸದ ಕಾರಣ ಗಿರಣಿಯವರೆಲ್ಲ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಇವರಿಬ್ಬರೂ ರಸ್ತೆಯ ಆಚೆ ಈಚೆ ನಿಂತು ಒಂದು ಶಬ್ದವಿಲ್ಲದೆ ಅರ್ಧ ತಾಸು ಹರಟೆ ಹೊಡೆದದ್ದನ್ನು ನಾನೇ ಕಂಡಿದ್ದೇನೆ. ಅವತ್ತು ಮಾತ್ರ ಸಾಬರ ಎರಡೂ ಕೈಯಲ್ಲಿ ಕಾಯಿಪಲ್ಯದ ಚೀಲ. ಹೀಗಾಗಿ ತಂದೆ ತೀರಿಕೊಂಡ ಸುದ್ದಿಯನ್ನು ಬಾಯಲ್ಲೇ ಹೇಳಿದರು, ಹೋದ ವಾರ ಅಬ್ಬಾ ಹೋಗಿಬಿಟ್ಟರು ಅಂತ. ಹಬ್ಬಕ್ಕೆ ಹೋಗಿದ್ದರು ಎಂದು ಕೇಳಿಸಿತೇನೋ, ಇವರು ಮುಖ ಅರಳಿಸಿ, 'ಭಾಳ ಛಲೋ ಆತ್ ಬಿಡ್ರಿ, ಆಗಾಗ ಹೋಗಿಬರ್ತಿರಬೇಕು' ಎಂದುಬಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾಬರು ದೊಡ್ಡ ಮನುಷ್ಯರು, ಚೀಲ ಕೆಳಗಿಟ್ಟು ಸನ್ನೆಯಲ್ಲಿ ತಿಳಿಸಿದರು. ಇವರು ಅವರ ಕೈ ಹಿಡಿದುಕೊಂಡು ಅಲ್ಲೇ ನಿಂತರು. ಆಮೇಲೆ ಇವರು ಸಂತೆಗೆ ಹೋಗುವುದನ್ನು ಬಿಟ್ಟರು. ಮದುವೆ ಮುಂಜಿವೆ ಬಿಟ್ಟರು. ಯಾರಾದರೂ ಮನೆಗೆ ಬಂದರೆ ಹಿತ್ತಲಲ್ಲಿ ಬಾಳೆಗಿಡಕ್ಕೆ ನೀರು ಬಿಡುವ ಕೆಲಸ ನೆನಪಾಗುತ್ತಿತ್ತು. ಕಿವಿಗೆ ಮಷೀನು ಹಾಕಿಸೋಣ ಎಂದು ನಾನೂ ಮಗಳೂ ಎಷ್ಟು ಗೋಗರೆದರೂ, ಜೀವನವಿಡೀ ಮಷೀನಿನ ಬದಿಗೆ ನಿಂತದ್ದು ಸಾಕು, ಈಗ ತಲೆಯೊಳಗೂ ಒಂದನ್ನು ಕೂಡ್ರಿಸಿಕೊಳ್ಳಬೇಕೇ ಎಂದು ಎದ್ದುಹೋಗುತ್ತಿದ್ದರು. ಇಷ್ಟು ಮಾತಿನ ಮನುಷ್ಯ ದಿನದಿನಕ್ಕೆ ಒಳಗೊಳಗೇ ಬಾಗಿಲು ಹಾಕಿಕೊಳ್ಳುತ್ತಿದ್ದುದನ್ನು ನೋಡಿ ನನಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು.

ಆ ಹೊತ್ತಿಗೆ ಪಂಚಮಿ ಹಬ್ಬ ಬಂತು. ಮಗಳು ಸವಿತಾ, ಅಳಿಯ ಮಂಜುನಾಥ ಇಬ್ಬರೂ ಬಂದರು. ಅಳಿಯನದು ಮುಂಡಗೋಡದಲ್ಲಿ ಮೊಬೈಲ್ ರಿಪೇರಿಯ ಅಂಗಡಿ. ಹಬ್ಬಕ್ಕೆ ಬರುವ ಅಳಿಯಂದಿರು ಹಣ್ಣು ತರುತ್ತಾರೆ, ಪೇಢೆ ತರುತ್ತಾರೆ, ನಮ್ಮ ಅಳಿಯ ತಂದದ್ದು ವಿಡಿಯೋ ಗೇಮಿನ ಒಂದು ಡಬ್ಬಿ. ಅದನ್ನು ಟಿವಿಗೆ ಜೋಡಿಸಿ ಗಂಡ ಹೆಂಡತಿ ಉಂಡಿ ತಿನ್ನುತ್ತ ಆಡಲು ಕೂತರು. ಪರದೆಯ ಮೇಲೆ ಚಿತ್ರವಿಚಿತ್ರ ಪ್ರಾಣಿಗಳು. ಒಂದಕ್ಕೆ ಬೆನ್ನ ಮೇಲೆ ಗುಡ್ಡ, ಒಂದಕ್ಕೆ ಬಾಲದ ತುದಿಗೆ ದೀಪ. ಅವು ಎದುರುಬದುರು ನಿಂತು ಹೊಡೆದಾಡುತ್ತವೆ. ನಾನು ಒಲೆಯ ಕಡೆಯಿಂದ ಒಮ್ಮೆ ಇಣುಕಿ, ಇದೇನು ಹುಚ್ಚಾಟ ಎಂದುಕೊಂಡು ಒಳಗೆ ಹೋದೆ. ಮರಳಿ ಬಂದು ನೋಡಿದರೆ ನಮ್ಮವರು ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡು ಕೂತಿದ್ದಾರೆ. ಧಾರಾವಾಹಿ ಹಚ್ಚಿದರೆ ಎದ್ದುಹೋಗುವ ಮನುಷ್ಯ ಅವತ್ತು ಏಳಲಿಲ್ಲ. ಆಮೇಲೆ ನನಗೆ ಹೊಳೆಯಿತು. ಆ ಆಟಕ್ಕೆ ಕಿವಿ ಬೇಡ. ಯಾರು ಯಾರಿಗೆ ಹೊಡೆದರು, ಎಷ್ಟು ಪೆಟ್ಟಾಯಿತು, ಎಷ್ಟು ಜೀವ ಉಳಿಯಿತು ಎಲ್ಲವೂ ಕಣ್ಣಿಗೇ ಕಾಣುತ್ತದೆ. ಬಹಳ ದಿನಗಳ ಮೇಲೆ ಇವರು ಯಾರನ್ನೂ 'ಆಂ?' ಎಂದು ಕೇಳದೆ ಒಂದು ತಾಸು ನಾಲ್ಕು ಜನರ ನಡುವೆ ಕೂತಿದ್ದರು. ಮಗಳಿಗೂ ಅದು ತಿಳಿಯಿತೇನೋ, ಊರಿಗೆ ಹೋಗುವಾಗ ಡಬ್ಬಿಯನ್ನು ನಮ್ಮಲ್ಲೇ ಬಿಟ್ಟುಹೋದಳು. ಅಂಥದೇ ಇನ್ನೊಂದು ಅವರ ಮನೆಯಲ್ಲಿತ್ತು. ಇಂಟರ್ನೆಟ್ಟಿನ ಮೇಲೆ ದಾಂಡೇಲಿಯಿಂದ ಮುಂಡಗೋಡಕ್ಕೆ ಯುದ್ಧ ಸಾರಬಹುದಂತೆ.

ಯುದ್ಧವೇನೋ ಸಾರಿದೆವು. ಆಟದ ನಿಯಮ ಸರಳ. ಜೋಡಿಯಾಗಿ ಆಡುವಾಗ ಒಬ್ಬೊಬ್ಬರು ಮೂರು ಮೂರು ಪ್ರಾಣಿಗಳನ್ನು ಆರಿಸಿಕೊಳ್ಳಬೇಕು, ಕೂಡಿ ಆರರ ತಂಡ. ಕಣದಲ್ಲಿ ಒಬ್ಬೊಬ್ಬರದು ಒಂದೊಂದೇ ನಿಲ್ಲುತ್ತದೆ, ಉಳಿದವು ಹಿಂದೆ ಕಾಯುತ್ತವೆ. ನಾನು ನನ್ನ ಮೂರನ್ನು ಆರಿಸಿದ್ದು ಮುಖಲಕ್ಷಣ ನೋಡಿ. ಒಂದಕ್ಕೆ ಗುಲಾಬಿ ಕೆನ್ನೆಯಿತ್ತು, ಒಂದು ಪಾಪ ನಿದ್ದೆಗಣ್ಣಿನಲ್ಲಿತ್ತು, ಮತ್ತೊಂದು ನಮ್ಮ ಒಂದನೇ ಇಯತ್ತೆಯ ಒಬ್ಬ ಹುಡುಗಿಯ ಹಾಗೆಯೇ ಹಲ್ಲಿಲ್ಲದೆ ನಗುತ್ತಿತ್ತು. ಇವರು ಆರಿಸಿದ್ದು ಗಾತ್ರ ನೋಡಿ. ಪರದೆಯಲ್ಲಿ ಹಿಡಿಸದಷ್ಟು ದೊಡ್ಡವಾದ, ಮೈತುಂಬ ಕೋಡಿರುವ ಮೂರು ರಾಕ್ಷಸರು. ಹೊಡೆ ಎಂದರೆ ಹೊಡೆಯಬೇಕು, ಅಷ್ಟೇ. ಇಂಥ ತಂಡ ಕಟ್ಟಿಕೊಂಡು ಹೋದ ನಮ್ಮನ್ನು ಮಗಳೂ ಅಳಿಯನೂ ಚಹಾ ಆರುವುದರೊಳಗೆ ಮುಗಿಸಿದರು. ಇವರ ರಾಕ್ಷಸರು ಕೈ ಎತ್ತುವ ಮೊದಲೇ ಅವರ ಕಡೆಯ ಒಂದು ಸಣ್ಣ ಇಲಿಯಂಥದ್ದು ಓಡಿಬಂದು ಕಚ್ಚಿ ಹೋಗಿರುತ್ತಿತ್ತು. ನನ್ನ ಗುಲಾಬಿ ಕೆನ್ನೆಯದು ಬಿದ್ದಾಗ ನಾನು ಅಳುವುದೊಂದು ಬಾಕಿ.

ಮಗಳು ಫೋನಿನಲ್ಲಿ ನನಗೆ ಪಾಠ ಹೇಳಿದಳು. ಅಕ್ಕಾರಿಗೇ ಪಾಠ. ಅವಳ ಪ್ರಕಾರ ತಂಡ ಎಂದರೆ ಊಟದ ತಾಟು. ರೊಟ್ಟಿ, ಪಲ್ಯ, ಮೊಸರು, ಚಟ್ನಿ ಎಲ್ಲ ಇರಬೇಕು. ಅಪ್ಪ ಬರೀ ಚಟ್ನಿ ಬಡಿಸಿದ್ದಾನೆ, ನೀನು ಬರೀ ಉಂಡಿ ಬಡಿಸಿದ್ದೀ ಎಂದಳು. ಬೆಂಕಿಯ ಪ್ರಾಣಿ ಹಸಿರನ್ನು ಸುಡುತ್ತದೆ, ನೀರು ಬೆಂಕಿಯನ್ನು ಆರಿಸುತ್ತದೆ, ಹಸಿರು ನೀರನ್ನೂ ಕಲ್ಲನ್ನೂ ಹೀರುತ್ತದೆ. ಆರಕ್ಕೆ ಆರೂ ಒಂದೇ ಪೆಟ್ಟಿಗೆ ಹೆದರುವಂಥವಾಗಿದ್ದರೆ ಎದುರಾಳಿಗೆ ಒಂದು ಪೆಟ್ಟು ಸಾಕು. ಆದ್ದರಿಂದ ಒಂದರ ಬಡತನವನ್ನು ಇನ್ನೊಂದು ಮುಚ್ಚಬೇಕು. ಜೋರಾಗಿ ಹೊಡೆಯುವುದೊಂದು, ಎಷ್ಟು ಹೊಡೆದರೂ ಅಲುಗದ್ದು ಒಂದು, ಓಡುವುದೊಂದು, ಉಳಿದವರ ಗಾಯಕ್ಕೆ ಮದ್ದು ಹಚ್ಚುವುದೊಂದು, ಹೀಗೆ. ನಾನು ಇದನ್ನೆಲ್ಲ ಇವರ ಕಿವಿಯ ಹತ್ತಿರ ಒದರಿ ಹೇಳಿದೆ. ಓಣಿಗೆಲ್ಲ ಸಮತೋಲನದ ತಂಡ ಕಟ್ಟುವುದು ಹೇಗೆಂದು ಗೊತ್ತಾಯಿತು.

ಇವರಿಗೆ ಅದು ಅರ್ಥವಾದ ರೀತಿಯೇ ಬೇರೆ. ತಾಟು ಗೀಟು ಇವರ ತಲೆಗೆ ಹೋಗಲಿಲ್ಲ. ಪ್ರಾಣಿಯೊಂದು ದಣಿದಾಗ ಅದನ್ನು ಹಿಂದೆ ಕರೆದು ಬೇರೆಯದನ್ನು ಕಳಿಸಬಹುದು ಎಂದು ಹೇಳಿದೊಡನೆ ಕಣ್ಣು ಮಿನುಗಿದವು. 'ರಿಲೀವರ್' ಎಂದರು. ಗಿರಣಿಯಲ್ಲಿ ಒಂದು ನಿಯಮವಿತ್ತಂತೆ, ಪಾಳಿ ಮುಗಿದರೂ ನಿನ್ನ ಜಾಗಕ್ಕೆ ಬರುವವನು ಬಂದು ನಿಲ್ಲುವವರೆಗೆ ಯಂತ್ರದ ಬದಿ ಬಿಡುವಂತಿಲ್ಲ. ಬರುವವನು ಎಂಥವನು, ಅವನಿಗೆ ಈ ಯಂತ್ರದ ಸ್ವಭಾವ ಗೊತ್ತೋ ಇಲ್ಲವೋ ನೋಡಿಯೇ ಕೈ ತೆಗೆಯಬೇಕು. ಆವತ್ತಿನಿಂದ ಇವರು ತಂಡವನ್ನು ಪಾಳಿ ಹಚ್ಚಿದ ಹಾಗೆ ಕಟ್ಟತೊಡಗಿದರು. ಇದಕ್ಕೆ ಸಿಡಿಲು ಬಡಿದರೆ ಯಾರು ಬಂದು ನಿಲ್ಲುತ್ತಾರೆ, ಅದಕ್ಕೆ ವಿಷ ತಗುಲಿ ರಜೆಗೆ ಕಳಿಸಿದರೆ ಪಾಳಿಗೆ ಯಾರು ಬರುತ್ತಾರೆ ಎಂಬ ಲೆಕ್ಕ. ಮೂರು ರಾಕ್ಷಸರೂ ಒಂದೇ ದಿನ ಕೆಲಸ ಕಳೆದುಕೊಂಡರು.

ಆಟದಲ್ಲಿ ಆ ಪ್ರಾಣಿಗಳಿಗಿದ್ದ ಹೆಸರುಗಳಿಗೆ ನಮ್ಮ ನಾಲಿಗೆ ಹೊರಳಲಿಲ್ಲ, ಹೀಗಾಗಿ ನಾವೇ ನಾಮಕರಣ ಮಾಡಿದೆವು. ಇವರು ಮೊದಲು ತಂದದ್ದು ಕಲ್ಲಿನ ಮೈಯ, ಕೂತಲ್ಲಿಂದ ಕದಲದ ಒಂದು ಪ್ರಾಣಿಯನ್ನು. ಅಡುಗೆಮನೆಯಲ್ಲಿ ಖಾರ ಕುಟ್ಟುವ ಒಳ್ಳಿನ ಹಾಗೇ ಇತ್ತು, ಒಳ್ಳು ಎಂದೇ ಕರೆದೆವು. ಎಷ್ಟು ಕುಟ್ಟಿದರೂ ಅದಕ್ಕೇನೂ ಆಗುತ್ತಿರಲಿಲ್ಲ. ಅದರ ಜೊತೆಗೆ ನೀರಿನದೊಂದು ಮೊಸಳೆ. ನಮ್ಮ ಕಾಳಿ ಹೊಳೆಯ ದಂಡೆಯ ಮೇಲೆ ಬಿಸಿಲು ಕಾಯಿಸುವವುಗಳಂತೆಯೇ ಸೋಮಾರಿ. ಇನ್ನೊಂದು ಅಣಬೆ, ಎದುರಿನವರಿಗೆ ಪುಡಿ ಊದಿ ನಿದ್ದೆ ಬರಿಸುವಂಥದು. ನನ್ನ ಪಾಲಿಗೆ ಉದ್ದ ಕೊಕ್ಕಿನ ಒಂದು ಹಕ್ಕಿ ಬಂತು, ದಾಂಡೇಲಿಯವಳಾಗಿ ಅದನ್ನು ನಮ್ಮ ಕಾಡಿನ ಹಕ್ಕಿಯಂತೆ ಮಂಗಟ್ಟೆ ಎನ್ನದೆ ಇನ್ನೇನೆನ್ನಲಿ. ಗಾಯಕ್ಕೆ ಮದ್ದು ಹಚ್ಚುವ ಬಿಳಿಯ ಪ್ರಾಣಿಗೆ ಸಿಸ್ಟರ್ ಎಂದು ಹೆಸರಿಟ್ಟೆ. ಕೊನೆಯದು ನನ್ನ ಮುದ್ದಿನದು. ಕೋಲಿನಂತೆ ತೆಳ್ಳಗೆ, ತಲೆಗೆ ಬೆಂಕಿ ಹೊತ್ತ ಕೊಳ್ಳಿ. ಅದಕ್ಕೆ ಗಟ್ಟಿತನವಿಲ್ಲ, ಊದಿದರೆ ಬೀಳುತ್ತದೆ, ಆದರೆ ಇಡೀ ತಂಡದಲ್ಲಿ ಅದರಷ್ಟು ಚುರುಕು ಬೇರೆ ಇಲ್ಲ. ಅದಕ್ಕೆ ಇನ್ನಷ್ಟು ವೇಗ ಬರಲೆಂದು ನಾನು ವಾರಗಟ್ಟಲೆ ಸಾಕಿದೆ. ಮಗಳನ್ನು ಸಾಕುವಾಗ ಇಷ್ಟು ಲೆಕ್ಕ ಹಾಕಿರಲಿಲ್ಲ ಎಂದು ಇವರು ಚೇಷ್ಟೆ ಮಾಡುತ್ತಿದ್ದರು.

ತಂಡವೇನೋ ಆಯಿತು, ಮಾತಿನದೇ ತೊಂದರೆ. ಕಣದಲ್ಲಿ ಇಬ್ಬರೂ ಒಟ್ಟಿಗೆ ಯೋಚಿಸಬೇಕು, ನಾನು ಒದರಿದ್ದು ಇವರಿಗೆ ಕೇಳಿಸುವುದಿಲ್ಲ. ಆಗ ಇವರು ಗಿರಣಿಯ ಸನ್ನೆಗಳನ್ನು ನನಗೆ ಕಲಿಸಿದರು. ಬೆರಳು ತಿರುಗಿಸಿದರೆ ಓಡಿಸು, ಮುಷ್ಟಿ ಕಟ್ಟಿದರೆ ನಿಲ್ಲಿಸು, ಹೊಟ್ಟೆ ತಟ್ಟಿದರೆ ಚಹಾ ಬಂತು, ಮೀಸೆ ತಿರುವಿದರೆ ಸಾಹೇಬ ಬಂದ. ಕಡೆಯ ಎರಡು ಆಟಕ್ಕೆ ಉಪಯೋಗವಿಲ್ಲದಿದ್ದರೂ ಒಂದನೇ ಪಾಠದಲ್ಲೇ ಇದ್ದವು. ತೊಡಕಾದದ್ದು ಅಂಗೈ ಎತ್ತುವ ಸನ್ನೆಯಿಂದ. ಅದರ ಅರ್ಥ 'ತಡಿ' ಎಂದು ಇವರು ಹೇಳಿದರು. ಪೆಟ್ಟು ಬೀಳುವ ಮೊದಲು ಗುರಾಣಿ ಹಿಡಿದು ತಡೆಯುವುದು ಎಂಬುದೊಂದು ವಿದ್ಯೆ ಆಟದಲ್ಲಿದೆ, ನಾನು ಅದೇ ಎಂದುಕೊಂಡೆ. ಒಂದು ಸಂಜೆ ಇವರು ಅಂಗೈ ಎತ್ತಿದರು, ನಾನು ಭಕ್ತಿಯಿಂದ ಗುರಾಣಿ ಹಿಡಿದೆ, ಆ ಆಟ ಸೋತೆವು. ಇವರು ಹೇಳಿದ್ದು ತಡಿ, ಅಂದರೆ ಸ್ವಲ್ಪ ಕಾಯು, ನಾನು ಮೊದಲು ಹೊಡೆಯುತ್ತೇನೆ ಎಂದಂತೆ. ನಮ್ಮ ಕಡೆಯವರ ಒಂದೇ ಮಾತಿಗೆ ಎರಡೂ ಅರ್ಥ. ಸೀರೆಯ ಸೆರಗು ಬಾಗಿಲಿಗೆ ಸಿಕ್ಕರೂ ತಡಿ, ಮೈಮೇಲೆ ಬರುವ ಎಮ್ಮೆಯನ್ನು ಕಂಡರೂ ತಡಿ. ಅಷ್ಟು ದೊಡ್ಡ ಜಗಳವನ್ನು ನಾವು ಮಗಳ ಮದುವೆಯ ಖರ್ಚಿನ ವಿಷಯಕ್ಕೂ ಆಡಿರಲಿಲ್ಲ. ಕಡೆಗೆ ಒಪ್ಪಂದವಾಯಿತು. ಅಂಗೈ ಎಂದರೆ ಗುರಾಣಿ. ಕಾಯಬೇಕಾದರೆ ಕಿವಿ ಹಿಡಿದುಕೊಳ್ಳುವುದು. ಜಗಳಕ್ಕೆ ಕಾರಣರಾದವರು ಕಿವಿ ಹಿಡಿಯುವುದೇ ಸರಿ ಎಂದು ನಾನೇ ಸೂಚಿಸಿದ್ದೆ.

ಇದಾದ ಮೇಲೆ ನಾವು ಗೆಲ್ಲತೊಡಗಿದೆವು. ಒಳ್ಳು ಪೆಟ್ಟು ತಿನ್ನುತ್ತಿತ್ತು, ಸಿಸ್ಟರ್ ಮದ್ದು ಹಚ್ಚುತ್ತಿದ್ದಳು, ಅಣಬೆ ಎದುರಿನವರನ್ನು ಮಲಗಿಸುತ್ತಿತ್ತು, ಕೊಳ್ಳಿ ಓಡಿಹೋಗಿ ಸುಟ್ಟು ಬರುತ್ತಿತ್ತು. ಮುಂಡಗೋಡದಲ್ಲಿ ಅಸಮಾಧಾನ ಹೊಗೆಯಾಡಿತು. ದೀಪಾವಳಿ ಕಳೆದ ಮೇಲೆ ಒಂದು ರವಿವಾರ ಮಗಳು ನಮ್ಮನ್ನು ಊಟಕ್ಕೆ ಕರೆದಳು. ಅಲ್ಲಿ ಹೋದ ಮೇಲೆ ತಿಳಿಯಿತು, ಊಟ ನೆಪ. ಅವಳು ಅಪ್ಪನ ಎದುರಿಗೆ ಕೂತು ಪಂಥ ಕಟ್ಟಿದಳು. ಇವತ್ತು ನೀವು ಸೋತರೆ ಅಪ್ಪ ಹುಬ್ಬಳ್ಳಿಗೆ ಬಂದು ಕಿವಿಗೆ ಮಷೀನು ಹಾಕಿಸಿಕೊಳ್ಳಬೇಕು, ಗೆದ್ದರೆ ನಾನು ಜೀವಮಾನದಲ್ಲಿ ಆ ಮಾತು ಎತ್ತುವುದಿಲ್ಲ. ಎತ್ತರದ ದನಿಯಲ್ಲಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು. ಇವರು ಬಹಳ ಸಂತೋಷದಿಂದ ಒಪ್ಪಿಕೊಂಡು ಅಂಗಿಯ ತೋಳು ಮಡಚಿದರು. ನಾನು ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿದೆ. ಗೆದ್ದರೆ ಈ ಮನುಷ್ಯ ಇನ್ನು ಸಾಯುವವರೆಗೂ ಹಿತ್ತಲಿನವನೇ. ದೇವರೇ, ಇವತ್ತೊಂದು ದಿನ ನಮ್ಮನ್ನು ಸೋಲಿಸು ಎಂದು ಬೇಡಿಕೊಂಡೆ. ಬೇಡಿಕೊಂಡರಷ್ಟೇ ಸಾಲದು, ನನ್ನ ಕೈಯಲ್ಲೂ ಮೂರು ಪ್ರಾಣಿಗಳಿವೆಯಲ್ಲ ಎಂಬ ದುರ್ಬುದ್ಧಿ ಆಗಲೇ ಬಂದದ್ದು.

ಪಡಸಾಲೆಯಲ್ಲಿ ಬೀಗತಿ ತಾಟಿನಲ್ಲಿ ಕಡಲೆಬೀಜ ಸುಲಿಯುತ್ತ ಕೂತಿದ್ದರು. ಅವರಿಗೆ ಆಟ ತಿಳಿಯದು, ಯಾರು ಬಿದ್ದರೂ ಅಯ್ಯ ಪಾಪ ಎನ್ನುತ್ತಿದ್ದರು. ಆಟ ಸುರುವಾಯಿತು. ನಾನು ಸಿಸ್ಟರ್‌ಳನ್ನು ನಿಲ್ಲಿಸಿ, ಮೈಯಲ್ಲಿ ಗೀರೂ ಇಲ್ಲದ ಒಳ್ಳಿಗೆ ಮದ್ದು ಹಚ್ಚಿಸಿದೆ. ಆರೋಗ್ಯವಂತನಿಗೆ ಇಂಜೆಕ್ಷನ್ ಕೊಟ್ಟಂತೆ, ಒಂದು ಸರದಿ ಹಾಳು ಎಂದು ನನ್ನ ಲೆಕ್ಕ. ಆದರೆ ಅದೇ ಸರದಿಯಲ್ಲಿ ಅಳಿಯ ಒಳ್ಳಿನ ಮೇಲೆ ಎಂದೂ ಬಿಡದಂಥ ದೊಡ್ಡ ಪೆಟ್ಟು ಬಿಟ್ಟ. ಸಿಸ್ಟರ್ ನಿಧಾನದವಳು, ಅವಳ ಮದ್ದು ಮುಟ್ಟುವುದು ಎಲ್ಲರ ಹೊಡೆತ ಮುಗಿದ ಮೇಲೆ. ಪೆಟ್ಟು ಬಿತ್ತು, ಹಿಂದೆಯೇ ಮದ್ದು ಬಿತ್ತು, ಒಳ್ಳು ಮೊದಲಿನಂತೆ ಕೂತಿತು. ಮುಂದಾಗಿ ತಿಳಿದು ಮಾಡಿದಿರಲ್ಲ ಅತ್ತಿಯವರೇ ಎಂದು ಅಳಿಯ ತಲೆದೂಗಿದ. ನಾನು ಹಲ್ಲು ಕಚ್ಚಿಕೊಂಡು ನಕ್ಕೆ.

ಮುಂದೆ ಕೊಳ್ಳಿ ಕಣಕ್ಕೆ ಬಂದಾಗ, ಹೊಡೆದರೆ ಸಾಕು ಅಳಿಯನ ಪ್ರಾಣಿ ಬೀಳುತ್ತದೆ ಎನ್ನುವ ಸಮಯ. ಆಗ ನಾನು ಕೊಳ್ಳಿಯನ್ನು ಹಿಂದೆ ಕರೆದು ಮಂಗಟ್ಟೆಯನ್ನು ಕಳಿಸಿದೆ. ಇದಕ್ಕಿಂತ ದೊಡ್ಡ ಮೂರ್ಖತನ ನನಗೆ ಹೊಳೆಯಲಿಲ್ಲ. ಇವರೂ ಏನನ್ನೋ ಕಂಡವರಂತೆ ಒಳ್ಳನ್ನು ತಡೆಗೆ ಹಾಕಿದರು. ಮಗಳು ಅದೇ ಗಳಿಗೆಗೆ ತನ್ನ ಗುಡ್ಡದ ಬೆನ್ನಿನ ಪ್ರಾಣಿಯಿಂದ ಭೂಮಿ ನಡುಗಿಸಿದಳು. ಭೂಮಿ ನಡುಗಿದರೆ ಕಣದಲ್ಲಿ ನಿಂತವರಿಗೆಲ್ಲ ಪೆಟ್ಟು, ತನ್ನವರು ಪರರು ಎಂಬ ಭೇದವಿಲ್ಲ. ಮಂಗಟ್ಟೆ ಹಕ್ಕಿ, ಅದು ಗಾಳಿಯಲ್ಲಿತ್ತು. ಒಳ್ಳು ಗುರಾಣಿಯ ಹಿಂದಿತ್ತು. ಬಿದ್ದದ್ದು ಅಳಿಯನ ಪ್ರಾಣಿಯೊಂದೇ. ಗಂಡ ಹೆಂಡತಿಗೆ ಅಲ್ಲೇ ಹತ್ತಿಕೊಂಡಿತು. ನಡುಗಿಸುವ ಮೊದಲು ಒಂದು ಮಾತು ಹೇಳಬಾರದಿತ್ತೇ ಎಂದು ಅವನು, ನೀನು ಅದನ್ನು ಒಳಗೆ ಕರೆದುಕೊಳ್ಳಬೇಕಿತ್ತು ಎಂದು ಇವಳು. ಬೀಗತಿ ಕಡಲೆಬೀಜ ಬಿಟ್ಟು, ಅಕ್ಕಾರ ಎಷ್ಟು ಶಾಣ್ಯಾ ಇದ್ದೀರಿ ಎಂದು ನನ್ನನ್ನು ಹೊಗಳಿದರು. ಮಗಳ ಮದುವೆಯಾದಾಗಿನಿಂದ ಅವರ ಬಾಯಿಂದ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು, ಅದನ್ನು ಅನುಭವಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಹೀಗೆಯೇ ನಾನು ಕಾಲು ಎಡವಿದಲ್ಲೆಲ್ಲ ಇವರು ಕೈ ಹಿಡಿದರು. ನಾನು ತೂತು ಮಾಡಿದ ಕಡೆ ಅಣಬೆ ಬಂದು ನಿಲ್ಲುತ್ತಿತ್ತು, ಬಿಟ್ಟ ಜಾಗಕ್ಕೆ ಮೊಸಳೆ ಬರುತ್ತಿತ್ತು. ಸಮತೋಲನದ ತಂಡವೆಂದರೆ ಇಷ್ಟು ಹಟಮಾರಿ ಎಂದು ನನಗೆ ಗೊತ್ತಿರಲಿಲ್ಲ. ಅದನ್ನು ಕಟ್ಟುವುದೇ ಯಾರೋ ಒಬ್ಬರು ತಪ್ಪಿದಾಗ ಉಳಿದವರು ಸುಧಾರಿಸಲಿ ಎಂದಲ್ಲವೇ? ಬೇಕೆಂತ ತಪ್ಪಿದರೂ ಸುಧಾರಿಸುತ್ತದೆ. ಕಡೆಗೆ ಅವರಲ್ಲಿ ಉಳಿದದ್ದು ಮಗಳ ಒಂದು ಹಸಿರು ಬಳ್ಳಿಯ ಪ್ರಾಣಿ. ನಮ್ಮಲ್ಲಿ ಸೋತು ಸುಣ್ಣವಾದ ಒಳ್ಳು ಮತ್ತು ನನ್ನ ಕೊಳ್ಳಿ. ಕೊಳ್ಳಿಯ ಜೀವ ಒಂದು ಎಳೆಯಷ್ಟು. ಇವರು ನನ್ನ ಕಡೆ ತಿರುಗಿ ಅಂಗೈ ಎತ್ತಿದರು, ಗುರಾಣಿ ಹಿಡಿ ಎಂದು. ಅಷ್ಟು ಹೊತ್ತಿಗೆ ನನ್ನ ಬುದ್ಧಿ ಕೆಲಸ ನಿಲ್ಲಿಸಿತ್ತು. ತಲೆಯಲ್ಲಿ ಉಳಿದದ್ದು ಒಂದೇ ಸೂತ್ರ, ಇವರು ಹೇಳಿದ್ದಕ್ಕೆ ಉಲ್ಟಾ ಮಾಡು. ಗುರಾಣಿ ಹಿಡಿಯದಿದ್ದರೆ ಬಳ್ಳಿಯ ಒಂದೇ ಪೆಟ್ಟಿಗೆ ಕೊಳ್ಳಿ ಮಲಗುತ್ತದೆ, ಆಮೇಲೆ ಒಳ್ಳನ್ನು ಹೀರುವುದು ಎಷ್ಟರ ಮಾತು ಎಂದುಕೊಂಡು, ಕಣ್ಣು ಮುಚ್ಚಿ ಹೊಡೆಯುವ ಗುಂಡಿ ಒತ್ತಿದೆ.

ಕಣ್ಣು ತೆರೆದಾಗ ಬಳ್ಳಿ ಉರಿಯುತ್ತಿತ್ತು. ಬೆಂಕಿ ಹಸಿರನ್ನು ಸುಡುತ್ತದೆ. ಮಗಳು ಹೇಳಿದ ಮೊದಲ ಪಾಠ. ತಂಡದಲ್ಲೇ ಚುರುಕಾದ ಕೊಳ್ಳಿ ಬಳ್ಳಿಗಿಂತ ಮೊದಲು ಹೊಡೆಯುತ್ತದೆ ಎಂಬುದನ್ನು, ಅದನ್ನು ವಾರಗಟ್ಟಲೆ ಸಾಕಿದ ನಾನೇ ಮರೆತಿದ್ದೆ. ನಾವು ಗೆದ್ದಿದ್ದೆವು. ಬೀಗತಿ ಯಾರಿಗೆಂದು ತಿಳಿಯದೆ ಅಯ್ಯ ಪಾಪ ಎಂದರು. ನನಗೇ ಎಂದುಕೊಂಡೆ. ಮಗಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ, ಇಬ್ಬರೂ ಒಳಗೆ ಹೋಗಿ ತಾಟು ಹಾಕಿದೆವು.

ಮರಳುವಾಗ ಯಲ್ಲಾಪುರದಲ್ಲಿ ದಾಂಡೇಲಿಯ ಬಸ್ಸು ಹತ್ತಿ ಕೂತೆವು. ಇವರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

'ಇವತ್ತ ಮೊದಲಿಂದ ನೀ ಸೋಲಾಕ ನಿಂತಿದ್ದಿ. ಹೌದಿಲ್ಲೋ?'

ಒಳ್ಳಿಗೆ ಮದ್ದು ಹಚ್ಚಿದಾಗಲೇ ಸಂಶಯ ಬಂದಿತ್ತಂತೆ, ಕೊಳ್ಳಿಯನ್ನು ಹಿಂದೆ ಕರೆದಾಗ ಖಾತ್ರಿಯಾಯಿತಂತೆ. ಯಂತ್ರದ ಆಚೆ ತುದಿಯವನ ಕೈ ಸಡಿಲಾದರೆ ಈಚೆ ತುದಿಯವನಿಗೆ ತಿಳಿಯದೇ ಇರುತ್ತದೆಯೇ ಎಂದರು. ಹಾಗಾದರೆ ಕಡೆಗೆ ಅಂಗೈ ಯಾಕೆ ಎತ್ತಿದಿರಿ ಎಂದು ನಾನು ಕೈಯಿಂದಲೇ ಕೇಳಿದೆ. 'ನೀ ಎಲ್ಲಾ ಉಲ್ಟಾ ಮಾಡಾಕತ್ತಿದ್ದಿ. ಅದಕ್ಕ ನಾನೂ ಉಲ್ಟಾ ಸನ್ನಿ ಮಾಡಿದೆ' ಎಂದರು. ಇಷ್ಟು ವರ್ಷ ಸಂಸಾರ ಮಾಡಿದ ಗಂಡ ನನ್ನನ್ನು ಗುಂಡಿ ಒತ್ತಿದಂತೆ ಒತ್ತಿ ಆಡಿಸಿದ್ದ. ಆಮೇಲೆ ಇವರು ಯಾಕ ಎಂದು ಕೇಳಿದರು. ಅದಕ್ಕೆ ಉತ್ತರ ಹೇಳಲು ಗಿರಣಿಯಲ್ಲಿ ಸನ್ನೆಯಿಲ್ಲ. ಬಾಯಲ್ಲಿ ಹೇಳಿದೆ, ಬಸ್ಸಿನ ಸದ್ದಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ, ಆಂ? ಎಂದರು. ಆಗ ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದು, ಶಾಲೆಯ ಮೈದಾನದ ಆಚೆ ತುದಿಗೆ ಕೇಳುವ ದನಿಯಲ್ಲಿ ಒದರಿದೆ.

'ನಿಮ್ಮ 'ಆಂ' ಕೇಳಿ ಕೇಳಿ ಸಾಕಾಗೇತ್ರಿ. ನೀವು ಮೊದಲಿನಂಗ ಮಂದಿ ಕೂಡ ಕುಂತು ಮಾತಾಡಬೇಕು ಅಂತ ಸೋಲಾಕ ನಿಂತಿದ್ದೆ.'

ಇಡೀ ಬಸ್ಸು ತಿರುಗಿ ನೋಡಿತು. ಮುಂದಿನ ಸೀಟಿನ ಮುದುಕಿಯೊಬ್ಬಳು ಏನು ತಿಳಿದುಕೊಂಡಳೋ, ಇವರಿಗೆ ಹೆಂಡತಿಯ ಮಾತು ಕೇಳಬೇಕೆಂದು ಬುದ್ಧಿ ಹೇಳಿದಳು. ಅದು ಇವರಿಗೆ ಕೇಳಿಸಲಿಲ್ಲ, ನನ್ನದು ಕೇಳಿಸಿತ್ತು. ಅಂಬಿಕಾನಗರ ದಾಟಿದ ಮೇಲೆ ಇವರು ಸೀಟಿನ ಮೇಲಿದ್ದ ನನ್ನ ಕೈಯ ಮೇಲೆ ಕೈಯಿಟ್ಟು ಹೇಳಿದರು.

'ನೀ ಸೋಲು ಒಪ್ಪಿಕೊಂಡಿದ್ದು ನಾ ಎಂದೂ ನೋಡಿಲ್ಲ. ಅಂಥಾಕಿ ಬೇಕಂತ ಸೋಲಾಕ ನಿಂತಿ ಅಂದ್ರ ಅದು ಸಣ್ಣ ಮಾತಲ್ಲ. ಈ ವಾರ ಹುಬ್ಬಳ್ಳಿಗೆ ಹೋಗೂಣು.'

ಹೋದೆವು. ಕಡಲೆಬೇಳೆಯಷ್ಟು ಸಣ್ಣ ಮಷೀನು ಈಗ ಇವರ ಕಿವಿಯಲ್ಲಿ ಕೂತಿದೆ. ಮೊದಲ ದಿನ ಮಂಗಟ್ಟೆ ಹಕ್ಕಿ ಹಾರಿಹೋದಾಗ ರೆಕ್ಕೆಯ ಸದ್ದು ಕೇಳಿ ಅಂಗಳದಲ್ಲಿ ಹುಡುಗನ ಹಾಗೆ ನಿಂತುಬಿಟ್ಟರು. ಆಟದ್ದಲ್ಲ, ನಿಜವಾದ ಹಕ್ಕಿ. ಖಾದರಸಾಬರ ಮನೆಗೆ ತಾವಾಗಿಯೇ ಹೋಗಿ ಅವರ ಅಬ್ಬಾನ ಬಗ್ಗೆ ಒಂದು ಸಂಜೆಯಿಡೀ ಕೂತು ಕೇಳಿ ಬಂದರು. ಸಂತೆಗೆ ಹೋದರೆ ಸೊಪ್ಪೇ ಬರುತ್ತದೆ. ಮಗಳಿಗೆ, ಅಳಿಯನಿಗೆ, ಆ ಒಳ್ಳಿಗೆ, ಕೊಳ್ಳಿಗೆ, ನನ್ನ ತಪ್ಪುಗಳನ್ನು ಒಂದೂ ಬಿಡದೆ ಸುಧಾರಿಸಿ ನನ್ನನ್ನು ಸೋಲಲು ಬಿಡದ ಆ ಇಡೀ ತಂಡಕ್ಕೆ ನಾನು ಎಷ್ಟು ಋಣಿಯಾಗಿದ್ದೇನೆಂದು ಹೇಳಲು ಬರುವುದಿಲ್ಲ.

ಆದರೆ ಒಂದು ಫಜೀತಿಯಾಗಿದೆ. ಇವರಿಗೆ ಕೇಳಿಸದ ಕಾಲದಲ್ಲಿ ನನಗೆ ಒಂದು ಚಟ ಅಂಟಿಕೊಂಡಿತ್ತು, ಮನಸ್ಸಿಗೆ ಬಂದದ್ದನ್ನು ಇವರ ಎದುರಿಗೇ ಗೊಣಗುವುದು. ಆ ಚಟ ಇನ್ನೂ ಬಿಟ್ಟಿಲ್ಲ. ಮೊನ್ನೆ ಬೆಳಿಗ್ಗೆ ಇವರು ನಾನು ಏಳುವ ಮೊದಲೇ ಎದ್ದು ಚಹಾ ಮಾಡಿ, ನನ್ನ ಲೋಟವನ್ನು ಮುಚ್ಚಿಟ್ಟು, ಪೇಪರು ಓದುತ್ತ ಕೂತಿದ್ದರು. ಚಹಾ ಕುಡಿಯುತ್ತ ನನಗೆ ಎದೆ ತುಂಬಿ ಬಂತು. ಎಂಥಾ ಗಂಡನ್ನ ಕೊಟ್ಟಿಯಪ್ಪಾ ದೇವರೇ ಎಂದು ನನ್ನಷ್ಟಕ್ಕೆ ಹೇಳಿಕೊಂಡೆ. ಪೇಪರಿನ ಹಿಂದಿನಿಂದ, ಕೇಳ್ತು ಎಂಬ ದನಿ ಬಂತು. ನಾನು ಹೊಗಳಿದ್ದು ಎಂದೆ. ನಂಬಲಿಲ್ಲ. ದೇವರಾಣೆ ಹೊಗಳಿದ್ದೇ ಎಂದೆ. ತಮಗೆ ಈಗ ಎಲ್ಲವೂ ಸ್ವಚ್ಛವಾಗಿ ಕೇಳಿಸುತ್ತದೆ, ಬೈಯುವುದಿದ್ದರೆ ಇನ್ನು ಮುಂದೆ ಹಿತ್ತಲಿಗೆ ಹೋಗಿ ಬೈಯಬೇಕು ಎಂದು ಹೇಳಿ ಪೇಪರನ್ನು ಮತ್ತಷ್ಟು ಮೇಲೆತ್ತಿದರು. ಬೈಯಲು ನನಗೆ ಹಿತ್ತಲೇಕೆ, ಅದನ್ನು ಎದುರಿಗೇ ಮಾಡುತ್ತೇನೆ, ಇವರೂ ನಗುತ್ತ ಕೇಳಿಸಿಕೊಳ್ಳುತ್ತಾರೆ. ಗಂಡನನ್ನು ಹೊಗಳಬೇಕು ಅನ್ನಿಸಿದಾಗ ಮಾತ್ರ ಹಿತ್ತಲಿಗೆ ಹೋಗುತ್ತೇನೆ.